ಕತ್ತರಿ ಇಟ್ಟ ತಟ್ಟೆ

ಗಿರಣಿ ಹಿಂದಿನ ಬೀದಿ ಹತ್ತು ವರ್ಷದಿಂದ ಕಸದ ತಿಪ್ಪೆ. ಹೂ ಮಾರುವ ಚೆನ್ನಾಜಮ್ಮ ಓಣಿಯವರನ್ನು ಕೂಡಿಸಿ ಗುಡಿಸಿದಳು. ಒಂದು ವಾರ ಇಟ್ಟು ನೋಡೋಣವೆಂದು ಬೆಂಚು, ಹೂಕುಂಡ ಇಡಿಸಿದಳು. ಹತ್ತು ವರ್ಷ ಈ ಕಡೆ ತಲೆ ಹಾಕದ ನಗರಸಭೆ ಸಾಹೇಬರಿಗೆ ತಕ್ಷಣ ಸಿಟ್ಟು ಬಂತು. ಅನುಮತಿ ಇಲ್ಲದ್ದನ್ನೆಲ್ಲ ಎತ್ತಿಸಲು ನಾಳೆಯೇ ಬರುತ್ತಾರೆಂದು ಸುದ್ದಿ.

ಚೆನ್ನಾಜಮ್ಮ ಬೀದಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿದಳು. ಮರುದಿನ ಸಾಹೇಬರು ಬಂದು ಜೀಪಿನಿಂದ ಇಳಿದರು. ಆಕೆ ಹಾರ ಹಾಕಿ, ಕತ್ತರಿ ಇಟ್ಟ ತಟ್ಟೆ ಮುಂದೆ ಹಿಡಿದಳು. ಅಭ್ಯಾಸಬಲ ನೋಡಿ, ಸಾಹೇಬರ ಕೈ ತಾನಾಗಿಯೇ ಹೋಗಿ ಟೇಪು ಕತ್ತರಿಸಿತು. ಜನ ಚಪ್ಪಾಳೆ ತಟ್ಟಿ ಫೋಟೋ ಹೊಡೆದರು.

ಆಮೇಲೆ ಸಾಹೇಬರಿಗೆ ತಾವು ಬಂದ ಕೆಲಸ ನೆನಪಾಯಿತು. "ಇದನ್ನೆಲ್ಲ ಎತ್ತಿಸ್ರೀ!"

"ತಾವೇ ಉದ್ಘಾಟನೆ ಮಾಡಿದ್ದನ್ನಾ ಸ್ವಾಮಿ?"

ಸಾಹೇಬರು ಬೆಂಚಿನ ಮೇಲೆ ಕೂತು ಸುತ್ತ ನೋಡಿದರು. "ಅಲ್ಲಮ್ಮಾ, ನನ್ನ ಹೆಸರಿನ ಬೋರ್ಡೆಲ್ಲಿ?"

"ತಾವು ಅನುಮತಿ ಬರೆದುಕೊಟ್ಟ ತಕ್ಷಣ ಹಾಕಿಸ್ತೀವಿ ಸ್ವಾಮಿ."