ಸಿರಿಗೊಂಡನಹಳ್ಳಿಯ ದ್ರೋಹಿ ಕೋಡಿ

ಸಿರಿಗೊಂಡನಹಳ್ಳಿಯ ಕೆರೆ ಏರಿಯ ಮೇಲೆ ಪೂರ್ವಕ್ಕೆ ಕಾಲು ಮೈಲಿ ನಡೆದರೆ ಕೋಡಿ ಸಿಗುತ್ತದೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲೆಂದು ಕಟ್ಟಿದ ಕರಿಕಲ್ಲಿನ ಕಟ್ಟೆ ಅದು. ಕಟ್ಟೆಯ ನಡುವೆ ಒಂದು ಕಲ್ಲು ಇಲ್ಲ. ಬಾಯಲ್ಲಿ ಹಲ್ಲು ಬಿದ್ದ ಹಾಗೆ ಮೊಳದಾಳದ ಸಂದು ಕಾಣುತ್ತದೆ. ನೀರು ಮೊದಲು ಧುಮುಕುವುದು ಅಲ್ಲಿಂದಲೇ. ಪಕ್ಕದ ಬಂಡೆಯಲ್ಲಿ ಕೆರೆಯಮ್ಮನನ್ನು ಕಡೆದಿದ್ದಾರೆ. ಮಳೆ ಎಷ್ಟೇ ಸುರಿಯಲಿ, ನೀರು ಅಮ್ಮನ ಪಾದಕ್ಕೆ ಎರಡು ಮೊಳ ಕೆಳಗೇ ನಿಲ್ಲುತ್ತದೆ. ಆ ಬಂಡೆಯ ಮಗ್ಗುಲಲ್ಲಿ ಈಚೆಗೆ ಒಂದು ಹಳದಿ ಫಲಕ ನೆಟ್ಟಿದ್ದಾರೆ: "ದ್ರೋಹಿ ಕೋಡಿ. ಹಿಂದೆ ದ್ರೋಹಿಯೊಬ್ಬನು ಕೆರೆಯನ್ನು ಒಡೆದು ಊರನ್ನು ಮುಳುಗಿಸಲು ಯತ್ನಿಸಿದ ಸ್ಥಳ." ಭಾನುವಾರ ಬರುವ ಜನ ಆ ಫಲಕಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬರೆದವನು ಯಾರನ್ನು ಕೇಳಿ ಬರೆದ? ಈ ಕೆರೆಯ ನೀರಗಂಟಿ ನಾನು. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಹದಿಮೂರು ತಲೆಯಿಂದ ನಮ್ಮ ಮನೆಯ ಕೆಲಸ. ನನ್ನನ್ನಂತೂ ಯಾರೂ ಕೇಳಲಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಪಾಲಯ್ಯನೆಂಬ ದಳವಾಯಿ ಇದ್ದನು ಎನ್ನುತ್ತಾರೆ. ತೆಂಕಣ ಸೀಮೆಯ ಒಡೆಯನೊಬ್ಬನ ದಂಡಿಗೆ ಅವನು ಮುಂದಾಳು. ಮುತ್ತಿಗೆ ಹಾಕಿದ ಕೋಟೆಯೊಂದು ಮೂರು ತಿಂಗಳಾದರೂ ಬೀಳದಿದ್ದಾಗ, ಅವನು ಕೋಟೆಯ ಗೊಡವೆ ಬಿಟ್ಟು ಅದರ ಮೇಲ್ಗಡೆಯ ಕೆರೆಯ ಏರಿಗೆ ಬುಡದಲ್ಲಿ ಇಲಿಬಿಲದಷ್ಟು ತೂತು ಕೊರೆಸಿದನು. ಉಳಿದದ್ದನ್ನು ನೀರೇ ಮಾಡಿತು. ಕೋಟೆ ಬಿತ್ತು. ಅದರ ಜೊತೆಗೆ ಕೆಳಗಿನ ಕುರುಬರ ಹಟ್ಟಿಯೊಂದು ತೊಟ್ಟಿಲು ಸಮೇತ ಕೊಚ್ಚಿಹೋಯಿತು. ಒಡೆಯನು ತುಂಬಿದ ಸಭೆಯಲ್ಲಿ ವೀರನಿಗೆ ಸಲ್ಲುವ ಚಿನ್ನದ ಗಂಡಪೆಂಡೆಯವನ್ನು ತನ್ನ ಕೈಯಾರೆ ಪಾಲಯ್ಯನ ಕಾಲಿಗೆ ತೊಡಿಸಿದನು. ಪಾಲಯ್ಯ ಅದನ್ನು ತೊಟ್ಟುಕೊಂಡೇ ಆ ಹಟ್ಟಿ ಇದ್ದ ಜಾಗಕ್ಕೆ ಹೋಗಿ ನಿಂತನಂತೆ. ಅಂದಿನಿಂದ ಅವನು ಕತ್ತಿ ಹಿಡಿಯಲಿಲ್ಲ. ಪೆಂಡೆಯವನ್ನು ಮಾತ್ರ ತೆಗೆಯಲಿಲ್ಲ. ಹಟ್ಟಿಯನ್ನು ಮರೆಯಬಾರದೆಂದು ಹಾಗೆ ಮಾಡಿದೆನೆಂದು ಅವನೇ ಹೇಳುತ್ತಿದ್ದನಂತೆ.

ಕೆರೆಯನ್ನು ಒಡೆಯಬಲ್ಲವನಿಗೆ ಅದು ಎಲ್ಲಿ ಒಡೆಯುತ್ತದೆ ಎಂಬುದೂ ಗೊತ್ತಿರುತ್ತದೆ. ಪಾಲಯ್ಯ ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಊರಿಂದೂರಿಗೆ ಕೆರೆಗಳನ್ನು ನೋಡಿ ಬುದ್ಧಿ ಹೇಳುವ ಕೆಲಸವನ್ನೇ ಮಾಡಿದನು. ಕರೆದವರಿಂದ ಅವನು ತೆಗೆದುಕೊಳ್ಳುತ್ತಿದ್ದದ್ದು ಒಂದು ಹೊತ್ತಿನ ಊಟ, ಒಂದು ಹೊಸ ಬಿಳಿ ರುಮಾಲು. ಆ ರುಮಾಲು ತಲೆಗೆ ಸುತ್ತುವುದಕ್ಕಲ್ಲ. ಏರಿಯ ಹಿಂಬದಿಯಲ್ಲಿ ನೀರು ಒಸರುವ ಕಡೆ ಅದನ್ನು ಹಾಸಿ, ಅರ್ಧ ಹಗಲು ಬಿಟ್ಟು ತೆಗೆದು ನೋಡುತ್ತಿದ್ದನು. ಬಟ್ಟೆ ಬೆಳ್ಳಗೇ ಇದ್ದರೆ ಭಯವಿಲ್ಲ. ತಿಳಿನೀರು ಒಸರಿದರೆ ಏರಿಗೇನೂ ಆಗದು. ಬಟ್ಟೆ ಕೆಂಪಾದರೆ ಏರಿಯ ಮಣ್ಣು ಒಳಗಿಂದೊಳಗೇ ಕರಗಿ ಬರುತ್ತಿದೆ ಎಂದು ಅರ್ಥ. ಹೀಗೆ ಅವನು ಉಳಿಸಿದ ಕೆರೆಗಳು ಎಷ್ಟೋ. ಅವುಗಳಲ್ಲಿ ಒಂದಕ್ಕೂ ಅವನ ಹೆಸರಿಲ್ಲ.

ನಮ್ಮ ಊರಿನ ಪಾಳೆಯಗಾರ ರಂಗಪ್ಪನಾಯಕನು ಪಾಲಯ್ಯನನ್ನು ತಾನಾಗಿಯೇ ಕರೆಸಿದನು, ಪಲ್ಲಕ್ಕಿ ಕಳಿಸಿ ಕರೆಸಿದನು. ಇದನ್ನು ಯಾರೂ ಮರೆಯಬಾರದು. ಆ ವರ್ಷ ಕೆರೆ ತುಂಬಿ ಕೋಡಿಯ ಮಟ್ಟಕ್ಕೆ ನಿಂತಿತ್ತು. ಆಗೆಲ್ಲ ಭಾರಿ ಮಳೆಯ ವರ್ಷ ನೀರು ಕೋಡಿಯ ಮೇಲೆ ಉಕ್ಕಿ ಅಮ್ಮನ ಪಾದ ಮುಟ್ಟುತ್ತಿತ್ತು. ಅಂಥ ವರ್ಷ ಬಾಗಿನ ಬಿಟ್ಟರೆ ಮನೆತನಕ್ಕೆ ಶ್ರೇಯಸ್ಸೆಂಬ ನಂಬಿಕೆ. ನಾಯಕನ ಮಗಳಿಗೆ ಗಂಡು ಗೊತ್ತಾಗಿ ಬೀಗರು ಬಾಗಿನಕ್ಕೆ ಬರುವವರಿದ್ದರು. ನೀರು ತಾನಾಗಿ ಪಾದ ಮುಟ್ಟದಿದ್ದರೆ ತಾನೇ ಮುಟ್ಟಿಸುತ್ತೇನೆಂದು ನಾಯಕನು ಕೋಡಿಯ ಮೇಲೆ ಕಲ್ಲು, ಜೇಡಿಮಣ್ಣು, ಸೊಪ್ಪುಸದೆ ಒಟ್ಟಿಸಿ ನೀರನ್ನು ಮೊಳದೆತ್ತರ ಏರಿಸಿದನು. ದೇವರ ಪಾದಕ್ಕೆ ನೀರನ್ನು ದಬ್ಬಿ ಕಳಿಸುವ ಭಕ್ತಿ! ಅದಕ್ಕೆ ಹೆಸರಾಂತ ದಳವಾಯಿಯೊಬ್ಬನು ಭೇಷ್ ಎಂದರೆ ಬೀಗರ ಮುಂದೆ ಇನ್ನಷ್ಟು ಕಳೆ. ಅಷ್ಟಕ್ಕೆ ಪಲ್ಲಕ್ಕಿ ಹೋಗಿತ್ತು. ತಲೆಯಾಡಿಸುವವರಿಗೆ ಅವನ ಅರಮನೆಯಲ್ಲೇನು ಬರವಿತ್ತೋ ನಾ ಕಾಣೆ.

ಬಾಗಿನದ ದಿನ ಬೆಳಗ್ಗೆ ಪಾಲಯ್ಯನನ್ನು ಏರಿಯ ಹಿಂಬದಿಗೆ ಕರೆದೊಯ್ದವನು ಅಂದಿನ ನೀರಗಂಟಿ ಕೆಂಚ. ಹೊಸ ಒಸರು ಎದ್ದ ಜಾಗ ಅವನಿಗೆ ಗೊತ್ತಿತ್ತು. ರುಮಾಲನ್ನು ಇಬ್ಬರೂ ಸೇರಿ ಹಾಸಿದರು, ಮಧ್ಯಾಹ್ನ ಇಬ್ಬರೂ ಸೇರಿ ತೆಗೆದರು. ಬಟ್ಟೆ ಇಟ್ಟಿಗೆಯಂತೆ ಕೆಂಪಾಗಿತ್ತು. ಪಾಲಯ್ಯ ಅದನ್ನು ಹಿಂಡದೆಯೇ ಹಿಡಿದು, ಬೀಗರು ಕುಳಿತಿದ್ದ ಚಪ್ಪರಕ್ಕೆ ನೇರವಾಗಿ ನಡೆದನು.

"ಕೋಡಿ ಬಿಡಿಸ್ರಿ ನಾಯಕರೇ. ಕೆಳಗೆ ಮೂರೂರು ಅವೆ."

"ಪಾದ ಮುಟ್ಟಿದ ನೀರು ಇಳಿಸಿದ್ರೆ ಬೀಗರ ಮುಂದೆ ನಮ್ಮ ಮರ್ಯಾದೆ ಏನಾಗ್ತೈತೆ ದಳವಾಯಿಗಳೇ? ಆ ಬಟ್ಟೆ ಯಾವ ಕುಂಟೇಲಿ ಅದ್ದಿ ತಂದ್ರೋ ಯಾರು ಕಂಡವ್ರೆ?" ಎಂದ ನಾಯಕನು ಕೆಂಚನ ಕಡೆ ತಿರುಗಿದನು. "ಏನ್ಲಾ ಕೆಂಚ, ನೀನೇ ಹೇಳು. ಒಸರೋ ನೀರು ಕೆಂಪಗೈತೇನ್ಲಾ?"

ಕೆಂಚ ಉಣ್ಣುತ್ತಿದ್ದದ್ದು ನಾಯಕನು ಬಿಟ್ಟುಕೊಟ್ಟ ಮಾನ್ಯದ ಹೊಲದಿಂದ. ಅವನು ನೆಲ ನೋಡಿದನು. "ನಾ ಕಾಣೆ ಬುದ್ದಿ" ಎಂದನು.

ಪಾಲಯ್ಯ ಕೆಂಚನನ್ನು ಬೈಯಲಿಲ್ಲ. ಅವನ ಹೆಗಲ ಮೇಲಿದ್ದ ಹಾರೆಯನ್ನು ತೆಗೆದುಕೊಂಡು ಒಬ್ಬನೇ ಕೋಡಿಗೆ ಹೋದನು. ಅರವತ್ತು ದಾಟಿದ ಮನುಷ್ಯ. ಜನ ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಒಟ್ಟಿದ್ದ ಕಲ್ಲುಮಣ್ಣನ್ನು ಕೆಡವಿ, ಅದೂ ಸಾಲದೆಂದು ಕಟ್ಟೆಯ ನಡುಗಲ್ಲನ್ನೇ ಮೀಟಿ ಎಬ್ಬಿಸಿದನು. ನೀರು ಭೋರೆಂದು ಹಳ್ಳಕ್ಕೆ ನುಗ್ಗಿತು. ನಾಯಕನ ಕಬ್ಬಿನ ತೋಟ ನೆಲಕಚ್ಚಿತು. ಅಮ್ಮನ ಪಾದ ಮುಟ್ಟಿದ್ದ ನೀರು ಬೀಗರ ಕಣ್ಣೆದುರಿಗೇ ಇಳಿಯತೊಡಗಿತು. ಬಾಗಿನದ ಮೊರಗಳು ಹೆಂಗಸರ ಕೈಯಲ್ಲೇ ಉಳಿದವು.

ನಾಯಕನು ಅವನನ್ನು ಏರಿಯ ಮೇಲೆ ಕೆಡವಿಸಿ ಕಾಲಿನ ಪೆಂಡೆಯ ಕೀಳಿಸಿದನು. ತಾನು ಕೊಡದ ಬಿರುದನ್ನು ಕಿತ್ತುಕೊಳ್ಳಲು ಇವನಿಗೇನು ಹಕ್ಕಿತ್ತು? "ಕೆರೆ ಒಡೆಯೋದು ಇವನ ಹಳೇ ಚಾಳಿ" ಎಂದು ಕೂಗಿದನು, ಜನ ಹೌದೆಂದು ಕಲ್ಲು ಬೀರಿದರು. ಅವನು ಉಳಿಸಿದ ಮೂರೂರಿನ ಜನ! ಪಾಲಯ್ಯ ಎದ್ದು, "ಕಾಲು ಹಗುರಾಯ್ತು" ಎಂದಷ್ಟೇ ಹೇಳಿ ಹಳ್ಳದ ಗುಂಟ ಕೆಳಗೆ ನಡೆದುಹೋದನು ಎನ್ನುತ್ತಾರೆ. ಮತ್ತೆ ಅವನನ್ನು ಈ ಸೀಮೆಯಲ್ಲಿ ಯಾರೂ ನೋಡಲಿಲ್ಲ. ಆ ಜಾಗವನ್ನು ದ್ರೋಹಿ ಕೋಡಿ ಎಂದೇ ಕರೆಯತಕ್ಕದ್ದೆಂದು ನಾಯಕನು ಡಂಗುರ ಹೊಡೆಸಿದನು.

ಹತ್ತು ದಿನಕ್ಕೆ ನೀರು ತಗ್ಗಿದಾಗ ಏರಿಯ ಒಳಮೈಯಲ್ಲಿ ಎತ್ತೊಂದು ಮಲಗುವಷ್ಟು ದೊಡ್ಡ ಗವಿ ಕಾಣಿಸಿತು. ಇನ್ನೊಂದು ದಿನ ನೀರು ನಿಂತಿದ್ದರೆ ಏರಿ ಉಳಿಯುತ್ತಿರಲಿಲ್ಲ. ನಾಯಕನು ಸದ್ದಿಲ್ಲದೆ ಅದನ್ನು ಮುಚ್ಚಿಸಿದನು. ಕಿತ್ತ ನಡುಗಲ್ಲನ್ನು ತಿರುಗಿ ಕೂರಿಸಲು ಅವನಿಗೆ ಧೈರ್ಯ ಬರಲಿಲ್ಲ, ಸಾರಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಸಂದೂ ಉಳಿಯಿತು, ಹೆಸರೂ ಉಳಿಯಿತು. ಇಷ್ಟು ತಲೆಮಾರು ಕಳೆದ ಮೇಲೆ ಅದೇ ಸುಳ್ಳಿಗೆ ಹಳದಿ ಬಣ್ಣ ಬಳಿದು ನಿಲ್ಲಿಸಿದ್ದಾರೆ. ನಾನು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆ. "ಪುರಾವೆ ಏನೈತೆ ಅಜ್ಜಾ?" ಎಂದು ಕೇಳಿದರು. ನಮ್ಮ ಮನೆಯೇ ಪುರಾವೆ ಎಂದೆ. ನಕ್ಕರು.

ಕೆಂಚ ನನ್ನ ಹದಿಮೂರನೆಯ ತಲೆಯ ಹಿರಿಯ. ನಾಯಕನ ಮೇಲೆ ನನಗೆಷ್ಟು ಸಿಟ್ಟಿದೆಯೋ ಅವನ ಮೇಲೂ ಅಷ್ಟೇ ಇದೆ. ಆ ಗವಿಯನ್ನು ಮೊದಲು ಕಂಡವನೂ ಅವನೇ. ಮರುವರ್ಷದ ಬಾಗಿನದ ದಿನ ಅವನು ಅದೇ ಹಾರೆ ಹಿಡಿದು ಕೋಡಿಗೆ ಹೋಗಿ, ಸಂದಿನ ಪಕ್ಕದ ಕಲ್ಲಿಗೆ ಮೂರು ಸಲ ಕುಟ್ಟಿ ಒಂದು ಮಾತು ಹೇಳಿದನು. ನೀರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕೇಳುವಂತೆ ಹೇಳುವ ಎದೆ ಅವನಿಗಿರಲಿಲ್ಲ. ತನ್ನ ಮಗನಿಗೆ ಆ ಮಾತನ್ನು ಕಲಿಸಿ ಸತ್ತನು.

ಬಾಗಿನದ ದಿನ ಬಂದವರು ಈಗಲೂ ನೋಡಬಹುದು. ಕಟ್ಟೆಯ ಕಲ್ಲು ಹಾರೆಯ ಏಟಿಗೆ ಬಟ್ಟಲಿನಂತೆ ಕುಳಿಬಿದ್ದಿದೆ. ನೀರಗಂಟಿ ಮನೆಯವನು ಬರಿಗಾಲಲ್ಲಿ ನಿಂತು ಮೂರು ಸಲ ಕುಟ್ಟುತ್ತಾನೆ, ತುಟಿ ಅಲ್ಲಾಡಿಸುತ್ತಾನೆ. ನೋಡುವವರು ಅದನ್ನು ಮಂತ್ರವೆಂದುಕೊಂಡು ಕೈಮುಗಿಯುತ್ತಾರೆ. ನನ್ನ ಅಪ್ಪನೂ ಮೆಲ್ಲಗೇ ಹೇಳುತ್ತಿದ್ದ. ನಾನು ಮಾತ್ರ ಆ ಫಲಕ ಬಂದ ವರ್ಷದಿಂದ ಏರಿಯ ಆ ತುದಿಗೂ ಕೇಳುವ ಹಾಗೆ ಕೂಗಿ ಹೇಳುತ್ತೇನೆ:

"ನೀರು ಕೆಂಪಗಿತ್ತು ಬುದ್ದಿ. ನಾ ಕಂಡಿದ್ದೆ."