ಒಂದು ಅಕ್ಕಿಕಾಳಿನ ಓರೆ

“ಗುರುಗಳೇ, ಹತ್ತು ಜನ ಸೇರಿ ಮಾಡುವ ಕೆಲಸ ಕೆಟ್ಟಾಗ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?”

ಕೇಳಿದವನು ಮಠದ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು.

“ಯಾವ ಕೆಲಸ ಕೆಟ್ಟಿದೆ?”

“ಯಾವುದೂ ಇಲ್ಲ. ತಿಳಿಯುವ ಆಸೆ, ಅಷ್ಟೇ.”

“ಹಾಗಾದರೆ ಕೂತುಕೊ” ಎಂದು ಗುರುಗಳು ಹೇಳತೊಡಗಿದರು.

ಹೆದ್ದಾರಿಯ ಬದಿಯ ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಜಜ್ಜಿಹೋದ ಗಾಡಿಗಳ ತಗಡು ತಟ್ಟಿ ಸರಿಮಾಡುವುದು ಅವನ ಕಸುಬು. ಅವನು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಉಗುರು ಆಡಿಸಿದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ ಸಿಗುತ್ತಿತ್ತು. ಜನ ಅದನ್ನು ಹೇಳುತ್ತಿದ್ದರು. ಅವನೂ ಹೇಳಿಕೊಳ್ಳುತ್ತಿದ್ದ.

ಒಬ್ಬ ಬಾಳೆಹಣ್ಣಿನ ವ್ಯಾಪಾರಿ ಹಳೆಯ ಪಿಕಪ್ ಗಾಡಿಯೊಂದನ್ನು ಅವನ ಬಳಿಗೆ ಎಳೆಸಿಕೊಂಡು ಬಂದ. ಐವತ್ತು ವರ್ಷದ ಗಾಡಿ. ಮುಂದೆ ಇಬ್ಬರು ಕೂರುವ ಕ್ಯಾಬಿನ್, ಹಿಂದೆ ಸರಕು ತುಂಬುವ ತೊಟ್ಟಿ. “ಎಲ್ಲರೂ ಹೊಸದು ಕೊಳ್ಳು ಎನ್ನುತ್ತಾರೆ. ನನ್ನ ಕೈ ಈ ಗಾಡಿಗೆ ಪಳಗಿದೆ. ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಿ ಕೊಡು” ಎಂದ.

ಮೇಸ್ತ್ರಿ ಗಾಡಿಯನ್ನು ಬಿಚ್ಚಿದ. ಕೊನೆಗೆ ಉಳಿದದ್ದು ಚಾಸಿ. ಗಾಡಿಯ ಬೆನ್ನೆಲುಬಿನಂಥ ಕಬ್ಬಿಣದ ಚೌಕಟ್ಟು. ಅದನ್ನು ಕೆರೆದು, ಬಣ್ಣ ಬಳಿದು, ಜೋಡಿಸಲು ತೊಡಗಿದ. ಮೊದಲು ಕ್ಯಾಬಿನ್. ಚಾಸಿಯ ಮೇಲೆ ಅದನ್ನು ಇಟ್ಟು ನಾಲ್ಕು ಮೂಲೆಯ ಬೋಲ್ಟುಗಳನ್ನು ತಾನೇ ಬಿಗಿದ. ಆ ಕೆಲಸವನ್ನು ಅವನು ಎಂದೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆಮೇಲೆ ಬಾಗಿಲುಗಳು. ಅವು ಚೆನ್ನಾಗಿ ಕೂತವು. ಮುಂದಿನ ಚಕ್ರಗಳ ಮೇಲಿನ ಮಡ್‌ಗಾರ್ಡುಗಳು ಸ್ವಲ್ಪ ತಕರಾರು ಮಾಡಿದವು. ಎಡಗಡೆಯದರ ಅಂಚನ್ನು ಅರದಿಂದ ಉಜ್ಜಿದ. ಬಲಗಡೆಯದರ ತೂತನ್ನು ಒಂದಿಷ್ಟು ಅಗಲಿಸಿದ. ಅವೂ ಕೂತವು. ಹಳೆಯ ತಗಡು ಎಂದ ಮೇಲೆ ಇಷ್ಟು ಇದ್ದೇ ಇರುತ್ತದೆ ಎಂದುಕೊಂಡ.

ಇನ್ನು ಬಾನೆಟ್, ಇಂಜಿನ್ನಿನ ಮೇಲಿನ ಮುಚ್ಚಳ. ಹಳೆಯದು ತುಕ್ಕು ಹಿಡಿದು ಜರಡಿಯಾಗಿತ್ತು. ಹೊಸದನ್ನು ಬಡಿಯುವ ಕೆಲಸ, ತಿಂಗಳ ಹಿಂದಷ್ಟೇ ಸೇರಿದ್ದ ಒಬ್ಬನ ಪಾಲಿಗೆ ಬಂತು. ಅವನು ಮೊದಲು ತಾಮ್ರದ ಹಂಡೆ ಕೊಪ್ಪರಿಗೆ ಬಡಿಯುತ್ತಿದ್ದವನು. ಅದಕ್ಕೆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಹಂಡೆಯವನು ಎಂದೇ ಕರೆಯುತ್ತಿದ್ದರು. ಅವನು ಹಳೆಯ ಬಾನೆಟ್ಟಿನ ಮೇಲೆ ಕಾಗದ ಹಾಸಿ ಅಳತೆ ತೆಗೆದ. ಒಂಬತ್ತು ದಿನ ಬಡಿದ.

ಬಾನೆಟ್ಟಿನ ಕೀಲು ಇರುವುದು ಕ್ಯಾಬಿನ್ನಿನಲ್ಲಿ. ಅದರ ಕೊಂಡಿ ಸಿಕ್ಕಿಕೊಳ್ಳುವ ಕೊಕ್ಕೆ ಇರುವುದು ಚಾಸಿಗೆ ಬಿಗಿದ ಗಾಡಿಯ ಮೂತಿಯಲ್ಲಿ. ಹೊಸ ಬಾನೆಟ್ಟನ್ನು ಕೀಲಿಗೆ ಹಾಕಿ ಇಳಿಸಿದರು. ಎಡಗಡೆ ಬೆರಳು ತೂರುವಷ್ಟು ಸಂದಿ. ಬಲಗಡೆ ಬ್ಲೇಡು ಕೂಡ ತೂರದು. ಕೊಂಡಿ ಕೊಕ್ಕೆಗೆ ಸಿಗಲೇ ಇಲ್ಲ.

“ಇದೇನು ಕೊಪ್ಪರಿಗೆಯ ಮುಚ್ಚಳವೇ?” ಎಂದ ಮೇಸ್ತ್ರಿ.

ಹಂಡೆಯವನು ಬಾನೆಟ್ಟಿನ ಸುತ್ತ ಕಣ್ಣಾಡಿಸಿದ. “ನನ್ನದು ಅಳತೆಗೆ ಸರಿಯಾಗಿದೆ, ಮೇಸ್ತ್ರಿ. ಒಮ್ಮೆ ಹಿಂದಿನಿಂದ ನೋಡಿಕೊಂಡು ಬರೋಣ.”

“ಹಿಂದಿನದೆಲ್ಲ ಕೂತಾಗಿದೆ. ಕೂರದೇ ಇರುವುದು ನಿನ್ನದೊಂದೇ.”

ಅಂಗಡಿಯವರೆಲ್ಲ ನಕ್ಕರು. ಹಂಡೆಯವನು ತನ್ನ ಮರದ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಯಾರೂ ತಡೆಯಲಿಲ್ಲ.

ಮೇಸ್ತ್ರಿ ಕೊಕ್ಕೆಯನ್ನು ಸುತ್ತಿಗೆಯಿಂದ ಬಲಕ್ಕೆ ಬಗ್ಗಿಸಿದ. ಬಾನೆಟ್ಟನ್ನು ಒತ್ತಿ ಹಿಡಿದು ಕೊಂಡಿ ಸಿಕ್ಕಿಸಿದ. ಸಿಕ್ಕಿತು. ವ್ಯಾಪಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿಯನ್ನು ರಸ್ತೆಗೆ ಇಳಿಸಿದ. ಎರಡು ಮೈಲಿ ಸರಾಗವಾಗಿ ಹೋಯಿತು. ಮೂರನೆಯ ಮೈಲಿಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದದ್ದೇ ಕೊಂಡಿ ಕಳಚಿತು. ಬಾನೆಟ್ ಎದ್ದು ಮುಂದಿನ ಗಾಜಿಗೆ ಬಡಿಯಿತು. ಕಣ್ಣೆದುರಿನ ರಸ್ತೆ ಮಾಯವಾಯಿತು. ಮೇಸ್ತ್ರಿ ಬ್ರೇಕು ತುಳಿದ. ಗಾಡಿ ಓಲಾಡಿಕೊಂಡು ಹೊಲದ ಬದುವಿಗೆ ತಾಗಿ ನಿಂತಿತು.

ಇಳಿದು ನೋಡಿದರೆ ರಸ್ತೆಯಲ್ಲಿ ಹುಲ್ಲಿನ ಹೊರೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಅದನ್ನು ಹೊತ್ತು ಬರುತ್ತಿದ್ದ ಹೆಂಗಸು ಆಚೆಯ ಕಾಲುವೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಮೈಗೆ ಏನೂ ಆಗಿರಲಿಲ್ಲ. “ಕಣ್ಣು ಕಟ್ಟಿಕೊಂಡು ಗಾಡಿ ಬಿಡುತ್ತೀರಾ?” ಎಂದು ಕೂಗಿದಳು. ಇಬ್ಬರೂ ಅತ್ತ ಓಡಿದರು. ಹುಲ್ಲನ್ನು ಕೂಡಿಸಿ, ಹೊರೆ ಕಟ್ಟಿ, ಆಕೆಯ ತಲೆಯ ಮೇಲೆ ಎತ್ತಿಕೊಟ್ಟರು.

ಅಂಗಡಿಗೆ ಬಂದು ನೋಡಿದರೆ ಬಾನೆಟ್ಟಿನ ಕೀಲುಗಳು ಬಗ್ಗಿದ್ದವು. ತಗಡು ಬಗ್ಗಿರಲಿಲ್ಲ. ಆದರೂ ಮೇಸ್ತ್ರಿ ಅದನ್ನು ಗೋಡೆಗೆ ಒರಗಿಸಿಬಿಟ್ಟ. ಊರೂರು ಅಲೆದು, ಒಂದು ಗುಜರಿ ಅಂಗಡಿಯಲ್ಲಿ ಅಂಥದೇ ಗಾಡಿಯ ಅಸಲಿ ಬಾನೆಟ್ಟನ್ನು ಹುಡುಕಿ ತಂದ. ಕಾರ್ಖಾನೆಯಲ್ಲೇ ತಯಾರಾದದ್ದು. ಹೊಸ ಕೀಲು ಹಾಕಿದ. ವ್ಯಾಪಾರಿಯನ್ನೂ ಕರೆಸಿದ. ನಿಧಾನವಾಗಿ ಇಳಿಸಿದ.

ಎಡಗಡೆ ಬೆರಳು ತೂರುವಷ್ಟು ಸಂದಿ. ಬಲಗಡೆ ಬ್ಲೇಡು ಕೂಡ ತೂರದು.

ಮೇಸ್ತ್ರಿ ಮೇಲೆತ್ತಿ ಮತ್ತೆ ಇಳಿಸಿದ. ಅದೇ. ಅವನಿಗೆ ಸಿಟ್ಟು ಬರಲಿಲ್ಲ. ಮೊದಲ ಸಲ ಅವನಿಗೆ ಸೋಜಿಗವಾಯಿತು. ಒಂದನ್ನು ಯಂತ್ರ ಒತ್ತಿದ್ದು, ಒಂದನ್ನು ಮನುಷ್ಯ ಬಡಿದದ್ದು. ಎರಡೂ ಒಂದೇ ಕಡೆಗೆ, ಒಂದೇ ಬೆರಳಿನಷ್ಟು ತಪ್ಪುವುದು ಹೇಗೆ?

ವ್ಯಾಪಾರಿ ಕೆಮ್ಮಿ ಹೇಳಿದ: “ನಾನು ಬಾಳೆಹಣ್ಣು ಮಾರುವವನು, ನನಗೇನು ತಿಳಿಯುತ್ತದೆ. ಆದರೆ ಹಾಕಿದ ಟೊಪ್ಪಿಗೆಗಳೆಲ್ಲ ಒಂದೇ ಕಡೆಗೆ ವಾಲಿದರೆ ನೋಡಬೇಕಾದದ್ದು ತಲೆಯನ್ನಲ್ಲವೇ?”

ಮೇಸ್ತ್ರಿ ಹಿಂದಕ್ಕೆ ಹುಡುಕುತ್ತ ಹೋದ. ಬಾನೆಟ್ ಬಿಚ್ಚಿ ಮಡ್‌ಗಾರ್ಡು ನೋಡಿದ. ತಾನು ಉಜ್ಜಿದ ಅಂಚು ಕಂಡಿತು, ಅಗಲಿಸಿದ ತೂತು ಕಂಡಿತು. ಇವುಗಳನ್ನು ಉಜ್ಜುವ ಅಗತ್ಯವಾದರೂ ಏಕೆ ಬಂತು? ಅವನ್ನೂ ಬಿಚ್ಚಿದ. ಬಾಗಿಲು ನೋಡಿದ. ಬಾಗಿಲಿನಲ್ಲಿ ಏನೂ ಇರಲಿಲ್ಲ. ಉಳಿದದ್ದು ಕ್ಯಾಬಿನ್. ಅದನ್ನು ಅಳೆಯಲು ಅವನಿಗೆ ಮನಸ್ಸು ಬರಲಿಲ್ಲ. ಆದರೂ ಚಾಸಿಯ ಮುಂದಿನ ನಡುಬಿಂದುವಿನಿಂದ ಕ್ಯಾಬಿನ್ನಿನ ಹಿಂದಿನ ಎರಡು ಮೂಲೆಗಳಿಗೆ ದಾರ ಹಿಡಿದ. ಎರಡೂ ದಾರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ.

ಒಂದು ದಾರ ಒಂದು ಅಕ್ಕಿಕಾಳಿನಷ್ಟು ಉದ್ದವಿತ್ತು.

ಬೋಲ್ಟು ಬಿಗಿಯುವಾಗ ಹಿಂದಿನ ಎಡ ಮೂಲೆ ಅಷ್ಟು ಜರುಗಿತ್ತು. ಹಿಂದೆ ಅಕ್ಕಿಕಾಳು, ಮಡ್‌ಗಾರ್ಡಿನ ಹೊತ್ತಿಗೆ ಅರ ಹಿಡಿಯುವಷ್ಟು, ಮೂತಿಗೆ ಬರುವಷ್ಟರಲ್ಲಿ ಒಂದು ಬೆರಳು. ಮೇಸ್ತ್ರಿ ನಾಲ್ಕು ಬೋಲ್ಟುಗಳನ್ನೂ ಸಡಿಲಿಸಿದ. ಕ್ಯಾಬಿನ್ನಿಗೆ ಹೆಗಲು ಕೊಟ್ಟು ತಳ್ಳಿದ. ಬಗ್ಗಿಸಿದ್ದ ಕೊಕ್ಕೆಯನ್ನು ನೇರಮಾಡಿದ. ಮಡ್‌ಗಾರ್ಡುಗಳನ್ನು ಹಾಕಿದ. ಗೋಡೆಗೆ ಒರಗಿಸಿದ್ದ ಬಾನೆಟ್ಟನ್ನು ತಂದು, ಹೊಸ ಕೀಲಿಗೆ ಹಾಕಿ ಇಳಿಸಿದ. ಎರಡು ಬದಿಗೂ ಒಂದೇ ಸಂದಿ. ಅಂಗೈಯಿಂದ ಒತ್ತಿದ. ಕೊಂಡಿ ತಾನಾಗಿ ಹಿಡಿಯಿತು.

ಈಗ ಸರಿಯಿಲ್ಲದ್ದು ಎಡಗಡೆಯ ಮಡ್‌ಗಾರ್ಡು ಮಾತ್ರ. ತಾನು ಉಜ್ಜಿದ ಅಂಚು ಬಾಯಿ ಬಿಟ್ಟುಕೊಂಡು ಕಾಣುತ್ತಿತ್ತು.

ಮರುದಿನ ಮೇಸ್ತ್ರಿ ಹಂಡೆಯವನನ್ನು ಹುಡುಕಿಕೊಂಡು ಹೊರಟ. ಗಜೇಂದ್ರಗಡದ ಕಡೆಯವನು ಎಂಬುದಷ್ಟೇ ಗೊತ್ತಿತ್ತು. ಅಲ್ಲಿಗೆ ಹೋಗಿ ಕೇಳಿದಾಗ ಜನ “ಹೆಸರೇನು?” ಎಂದರು. ಮೇಸ್ತ್ರಿಗೆ ಹೆಸರು ಗೊತ್ತಿರಲಿಲ್ಲ. ತಿಂಗಳಿಡೀ ಅವನ ಕೈಯಿಂದ ಕೆಲಸ ತೆಗೆದಿದ್ದ, ಹೆಸರು ಕೇಳಿರಲಿಲ್ಲ. ಬೀದಿ ಬೀದಿ ತಿರುಗಿ, ತಾಮ್ರ ಬಡಿಯುವ ಸದ್ದು ಕೇಳಿದ ಕಡೆಯೆಲ್ಲ ಇಣುಕಿ, ಕೊನೆಗೆ ಕಂಡುಹಿಡಿದ. ಅವನ ಹೆಸರು ಲಾಲಸಾಬ.

“ತಪ್ಪು ನನ್ನದು. ಕ್ಯಾಬಿನ್ ಓರೆಯಾಗಿತ್ತು” ಎಂದ ಮೇಸ್ತ್ರಿ.

ಲಾಲಸಾಬ ಬಡಿಯುವುದನ್ನು ನಿಲ್ಲಿಸಿದ. “ಎಷ್ಟು?”

“ಒಂದು ಅಕ್ಕಿಕಾಳು.”

“ಯಾವ ಮೂಲೆ?”

“ಹಿಂದಿನ ಎಡ ಮೂಲೆ.”

“ನಾನು ಬಲ ಮೂಲೆ ಅಂದುಕೊಂಡಿದ್ದೆ. ಊರು ಸೇರುವವರೆಗೂ ಅದನ್ನೇ ಯೋಚಿಸುತ್ತಿದ್ದೆ” ಎಂದು ಲಾಲಸಾಬ ನಕ್ಕ.

ಅವನು ಬಂದ. ಮಡ್‌ಗಾರ್ಡಿನ ಅಂಚಿಗೆ ತಗಡು ಬೆಸೆದು, ಮೂರು ದಿನದಲ್ಲಿ ಗುರುತು ಸಿಗದಂತೆ ಮಾಡಿದ. ಗಾಡಿ ಇಬ್ಬರನ್ನು ಮುಂದೆ, ಲಾಲಸಾಬನನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಗುಂಡಿಗಳ ಮೇಲೆ ಹಾದು ಹತ್ತು ಮೈಲಿ ಹೋಗಿ ಬಂತು. ಇಲ್ಲೇ ಇದ್ದುಬಿಡು ಎಂದು ಮೇಸ್ತ್ರಿ ಕೇಳಿಕೊಂಡ. “ನಮ್ಮ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ” ಎಂದು ಹೇಳಿ ಲಾಲಸಾಬ ಹೊರಟ. ಮೇಸ್ತ್ರಿ ಬಸ್ಸಿನವರೆಗೂ ಹೋಗಿ ಅವನನ್ನು ಕಳಿಸಿ ಬಂದ. ಆಮೇಲೆ ಯಾವ ಗಾಡಿಯನ್ನು ಜೋಡಿಸಿದರೂ, ಕೊನೆಯ ತಗಡು ಕೂರುವವರೆಗೆ ಅವನು ಮೊದಲ ಬೋಲ್ಟನ್ನು ಪೂರ್ತಿ ಬಿಗಿಯುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಯೋಚಿಸುತ್ತ ಕೇಳಿದ: “ಕ್ಯಾಬಿನ್ ಓರೆಯಾಗಿದ್ದರೂ ಬಾಗಿಲಿನಲ್ಲಿ ಅದು ಕಾಣಲಿಲ್ಲವಲ್ಲ, ಏಕೆ?”

“ಬಾಗಿಲು ತೂಗುವುದು ಕ್ಯಾಬಿನ್ನಿನಲ್ಲೇ. ಅದರ ಜೊತೆಗೇ ಓರೆಯಾಗಿತ್ತು.”

ಶಿಷ್ಯ ತಲೆಯಾಡಿಸಿ ಏಳಲು ಹೋದ. ಗುರುಗಳು ಪುಸ್ತಕವನ್ನು ಮತ್ತೆ ತೆರೆದು, ಹಾಳೆಯಿಂದ ಕಣ್ಣೆತ್ತದೆ ಕೇಳಿದರು:

“ಅಡುಗೆಮನೆಯಿಂದ ಯಾರನ್ನು ಕಳಿಸಿಬಿಡಬೇಕೆಂದು ಕೇಳಲು ಬಂದಿದ್ದೆ?”