ಹೊರಟ ಜೇನನ್ನು ಒಳಗಿಟ್ಟವನು

"ಸರ್, ಸಾವನ್ನು ತಡೆಯುವ ಪ್ರೋಟೀನು ಮನುಷ್ಯರನ್ನು ಕೊಲ್ಲುವುದು ಹೇಗೆ?"

ಶಾಂಭವಿ ಇದನ್ನು ಕೇಳಿದ್ದು ಪಾಠದ ಹೊತ್ತಿನಲ್ಲಲ್ಲ. ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ವಿರೂಪಾಕ್ಷಯ್ಯನವರ ಕೈಕೆಳಗೆ ಕಲಿಯುತ್ತಿದ್ದ ಡಾಕ್ಟರು. ಆಗ ಸೂಕ್ಷ್ಮದರ್ಶಕದ ಕೆಳಗಿದ್ದದ್ದು ಅವಳ ತಾಯಿಯ ಕತ್ತಿನಿಂದ ತೆಗೆದ ಕ್ಯಾನ್ಸರ್ ಗಂಟಿನ ಚೂರು. ಆ ಪ್ರೋಟೀನು ಇರುವ ಕಡೆ ಕಂದು ಬಣ್ಣ ಹತ್ತುವಂತೆ ಮಾಡಿದ್ದರು. ಚೂರಿನ ತುಂಬ ಕಂದು.

ವಿರೂಪಾಕ್ಷಯ್ಯನವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೆಳಗಿನಿಂದ ಇಂಥವನ್ನೇ ನೋಡಿ ನೋಡಿ ಅವರಿಗೆ ಸಾಕಾಗಿಹೋಗಿತ್ತು.

"ಪುಸ್ತಕದಲ್ಲಿರುವುದು ನಿನಗೂ ಗೊತ್ತು. ಕೆಟ್ಟ ಜೀವಕೋಶ ತಾನಾಗಿ ಸಾಯಬೇಕು, ಅದು ದೇಹದ ಕಟ್ಟಳೆ. ಈ ಪ್ರೋಟೀನು ಸಾಯಲು ಬಿಡುವುದಿಲ್ಲ. ಅದನ್ನೇ ಮತ್ತೆ ನನ್ನ ಬಾಯಲ್ಲಿ ಹೇಳಿಸಬೇಡ ತಾಯಿ, ದಣಿದಿದ್ದೇನೆ. ಕೂತುಕೋ, ಕತೆಯೊಂದನ್ನು ಹೇಳುತ್ತೇನೆ" ಎಂದು ಶುರುಮಾಡಿದರು.

ಒಬ್ಬ ಜೇನು ಸಾಕುವವನಿದ್ದ. ಹಿತ್ತಿಲಲ್ಲಿ ಒಂದೇ ಪೆಟ್ಟಿಗೆ. ಅದು ಅವನ ಹೆಂಡತಿ ಸಾಕಿದ್ದ ಜೇನು. ಹೆಂಡತಿ ಜ್ವರ ಬಂದು ತೀರಿಕೊಂಡಳು. ಇವನು ಪಕ್ಕದಲ್ಲೇ ಕೂತಿದ್ದ, ಏನೂ ಮಾಡಲಾಗಲಿಲ್ಲ. ಆಮೇಲೆ ಅವನಿಗೆ ಆ ಪೆಟ್ಟಿಗೆಯೇ ಸಂಸಾರ. ಅದು ಉಳಿದರೆ ಅವಳದು ಅಂತ ಏನಾದರೂ ಉಳಿದೀತು ಎಂದುಕೊಂಡ.

ಜೇನುಹುಳುವಿಗೆ ಒಂದು ಪದ್ಧತಿಯಿದೆ. ಕಾಯಿಲೆ ಬಿದ್ದದ್ದು ಗೂಡಿನೊಳಗೆ ಸಾಯುವುದಿಲ್ಲ. ತೆವಳಿಕೊಂಡು ಬಾಗಿಲು ದಾಟಿ ಹೊರಗೆ ಬಂದು ಹುಲ್ಲಿನ ಮೇಲೆ ಬೀಳುತ್ತದೆ. ಯಾರೂ ತಳ್ಳುವುದಿಲ್ಲ, ತಾನಾಗಿ ಹೊರಡುತ್ತದೆ. ನಮ್ಮಲ್ಲಿ ಅಷ್ಟು ಮರ್ಯಾದೆಯಾಗಿ ಹೊರಡುವವರು ಎಷ್ಟು ಜನ, ಆ ಮಾತು ಬೇರೆ.

ಒಂದು ದಿನ ಇವನು ಅದನ್ನು ಕಂಡ. ಬಿದ್ದ ಹುಳುವಿಗೆ ಇರುವೆ ಮುತ್ತಿದ್ದವು. ಎಲೆಯ ಮೇಲೆ ಎತ್ತಿಕೊಂಡು, ಸಕ್ಕರೆ ಪಾಕ ತೋರಿಸಿ, ಮುಚ್ಚಳ ತೆಗೆದು ಒಳಗಿಟ್ಟ. ನೀನಿದ್ದರೂ ಹಾಗೇ ಮಾಡುತ್ತಿದ್ದೆ, ನಾನೂ ಅಷ್ಟೇ. ಮರುದಿನ ಇನ್ನೊಂದು ಬಿತ್ತು. ಅದನ್ನೂ ಇಟ್ಟ. ಕೊನೆಗೆ ಅದೇ ಅವನ ಕೆಲಸವಾಯಿತು. ಊಟ ಬಿಟ್ಟಾನು, ಬಿದ್ದ ಹುಳುವನ್ನು ಬಿಡಲಾರ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಎಂಥ ಪುಣ್ಯಾತ್ಮನಪ್ಪಾ ಎಂದುಕೊಂಡು ಹೋಗುತ್ತಿದ್ದರು.

ಪಕ್ಕದ ಮನೆಯ ಮುದುಕಿಯೂ ಹಿಂದೆ ಜೇನು ಸಾಕಿದವಳು. ಅವಳು ಬೇಲಿಯಾಚೆಯಿಂದ ಕೂಗಿದಳು: "ಲೋ ತಮ್ಮಾ, ಅವು ದಾರಿ ತಪ್ಪಿ ಬಂದಿಲ್ಲ ಕಣೋ. ಗೊತ್ತಿದ್ದೇ ಹೊರಟಿವೆ. ಬಿಟ್ಟುಬಿಡೋ."

"ಕಣ್ಣೆದುರಿಗೆ ಇನ್ನೊಂದು ಜೀವ ಹೋಗೋದನ್ನ ನೋಡು ಅಂತೀಯೇನಕ್ಕಾ? ನನ್ನ ಕೈಲಾಗಲ್ಲ."

ಮುದುಕಿ ಅವನ ಮುಖ ನೋಡಿದಳು. ಮತ್ತೆ ಆ ಮಾತೆತ್ತಲಿಲ್ಲ.

ಪೆಟ್ಟಿಗೆ ತುಂಬತೊಡಗಿತು. ಮುಚ್ಚಳ ತೆಗೆದರೆ ಮೇಣದ ಎರಿ ಕಾಣದಷ್ಟು ಹುಳು. ನಮ್ಮ ಜೇನು ಚೆನ್ನಾಗಿ ಬೆಳೀತಾ ಇದೆ ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ. ಪಾಪ, ಬೆಳೆದದ್ದೆಲ್ಲಿ? ಹುಟ್ಟುವುದು ಹೆಚ್ಚಿರಲಿಲ್ಲ, ಹೋಗುವುದು ನಿಂತಿತ್ತು. ಅವನು ಎತ್ತಿಟ್ಟ ಹುಳುಗಳು ಹೂವಿಗೆ ಹಾರುತ್ತಿರಲಿಲ್ಲ. ಕೂಡಿಟ್ಟ ಜೇನುತುಪ್ಪ ತಿಂದುಕೊಂಡು ಜಾಗ ಹಿಡಿದು ಕೂತಿದ್ದವು. ಗಟ್ಟಿಮುಟ್ಟಾದ ಹುಳುಗಳು ಅವಕ್ಕೆ ಬಾಯಿಗೆ ಬಾಯಿಟ್ಟು ಉಣಿಸುತ್ತಿದ್ದವು. ಉಣಿಸಿದವಕ್ಕೂ ಕಾಯಿಲೆ ಹತ್ತಿತು. ಅವೂ ಹೊರಟವು. ಇವನು ಅವನ್ನೂ ಎತ್ತಿ ಒಳಗಿಟ್ಟ.

ಒಂದು ಬೆಳಗ್ಗೆ ಪೆಟ್ಟಿಗೆಯಿಂದ ಸದ್ದು ಬರಲಿಲ್ಲ. ಮುಚ್ಚಳ ತೆಗೆದ. ರಾಣಿ ಸತ್ತಿತ್ತು. ತಳದಲ್ಲಿ ಹುಳುಗಳು ರಾಶಿ ಬಿದ್ದಿದ್ದವು. ಎರಿಯಲ್ಲಿ ಒಂದು ತೊಟ್ಟು ತುಪ್ಪವಿರಲಿಲ್ಲ. ಅವನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. ಹೆಂಡತಿ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ವಿರೂಪಾಕ್ಷಯ್ಯನವರು ಕತೆ ನಿಲ್ಲಿಸಿ ಕುರ್ಚಿಗೆ ಒರಗಿದರು. "ನಿಮ್ಮ ತಾಯಿಗೆ ಕೊಡಲಿರುವ ಮಾತ್ರೆ ಈ ಪ್ರೋಟೀನಿನ ಅಂಥ ಕೈಯನ್ನು ಕಟ್ಟಿಹಾಕುತ್ತದೆ, ಅಷ್ಟೇ. ಹೊರಡಬೇಕಾದವು ಆಗ ಹೊರಡುತ್ತವೆ. ಎಲ್ಲವೂ ಹೊರಡುತ್ತವೆಯೋ ಇಲ್ಲವೋ, ನನಗೆ ಗೊತ್ತಿಲ್ಲ."

ಶಾಂಭವಿ ಮತ್ತೆ ಸೂಕ್ಷ್ಮದರ್ಶಕದತ್ತ ನೋಡಿದಳು. "ಅಮ್ಮನ ಕತ್ತಿನಲ್ಲಿ ಒಂದು ವರ್ಷದಿಂದ ಗಂಟಿತ್ತಂತೆ ಸರ್. ನೋವಿರಲಿಲ್ಲ, ಹಾಗಾಗಿ ಹೇಳಲಿಲ್ಲ. ದಿನಾ ಅವಳ ಎದುರಿಗೇ ಕೂತು ಉಣ್ಣುತ್ತಿದ್ದೆ. ಡಾಕ್ಟರಾಗಿಯೂ ನನಗೆ ಕಾಣಲಿಲ್ಲವಲ್ಲ. ನಿಮ್ಮ ಕತೆಯ ಊರಿನವರೂ, ಆ ಮುದುಕಿಯೊಬ್ಬಳನ್ನು ಬಿಟ್ಟು, ಹೀಗೇ ಏನೂ ಗೊತ್ತಾಗದೆ ನೋಡುತ್ತ ನಿಂತಿದ್ದರೇ?"

"ಅವನು ಕೆಟ್ಟವನಾಗಿದ್ದರೆ ಊರಿಗೆ ಊರೇ ದೊಣ್ಣೆ ಹಿಡಿದು ಬರುತ್ತಿತ್ತಮ್ಮ, ಜೀವ ಉಳಿಸುತ್ತ ಕೂತವನ ಮೇಲೆ ಯಾರಿಗೆ ಅನುಮಾನ ಬಂದೀತು?"